ದಪ್ಪ ಬದಿ ಗೋಡೆಗೆ

ಕಾಡಸಿದ್ದಪ್ಪ ನೆಮ್ಮದಿಯಾಗಿ ಕೂತು ಉಂಡದ್ದನ್ನು ಅವನ ಹೆಂಡತಿ ಸುವರ್ಣಮ್ಮ ಮದುವೆಯ ದಿನ ಒಮ್ಮೆ ನೋಡಿದ್ದಳಂತೆ. ಅದೂ ಎದುರಿಗೆ ಹಿರಿಯರಿದ್ದರೆಂದು. ಆಮೇಲೆ ರೊಟ್ಟಿ ಕೈಯಲ್ಲಿ, ಕಣ್ಣು ಬಾಗಿಲಲ್ಲಿ. "ನಿಮ್ಮ ಕಾಲಾಗ ಚಕ್ರ ಐತೇನ್ರಿ?" ಎಂದು ಕೇಳಿ ಕೇಳಿ ಅವಳೇ ಸುಮ್ಮನಾದಳು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ಸಿರುಗುಪ್ಪ ರಸ್ತೆಯ ತನ್ನ ಶೆಡ್ಡಿಗೆ ಸೈಕಲ್ಲಿನಲ್ಲಿ ಹೋಗುವಾಗ, ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ಸರಿಯಾಗಿರದಿದ್ದರೆ ತಪ್ಪು ರಸ್ತೆಯದು, ಡ್ರೈವರನದು, ಇಲ್ಲವೆ ಕಬ್ಬಿಣದ್ದು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನದಾಗಿರಲಿಲ್ಲ.

ಅವನು ಹೆಸರು ಮಾಡಿದ್ದು ಜೀಪು ಎತ್ತರಿಸುವುದರಲ್ಲಿ. ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಕಡೆಯ ಎರೆಭೂಮಿಯಲ್ಲಿ ಜೀಪಿನ ಹೊಟ್ಟೆ ಕೆಸರಿಗೆ ಅಂಟತೊಡಗಿತ್ತು. ಕುಲುಕು ತಡೆಯುವ ಮುಂದಿನ ಕಮಾನು ಪಟ್ಟಿಯನ್ನು ಗಾಡಿಯ ಚೌಕಟ್ಟಾದ ಚಾಸಿಗೆ ತೂಗುಹಾಕಿರುವ ಗಿಡ್ಡ ಕಬ್ಬಿಣದ ತೋಳುಗಳನ್ನು ತೆಗೆದು ಉದ್ದನೆಯ ತೋಳು ಹಾಕಿದರೆ ಗಾಡಿ ಮೇಲೇಳುತ್ತದೆ. ಆದರೆ ಆಗ ಮುಂದಿನ ಅಚ್ಚು ತುಸು ಮುಂದಕ್ಕೆ ಬಾಗಿ, ಸ್ಟೇರಿಂಗು ಹಿಡಿತಕ್ಕೆ ಸಿಗದೆ ಅಲೆಯುತ್ತದೆ. ಅದಕ್ಕೆ ಮದ್ದು ಕಮಾನಿಗೂ ಅಚ್ಚಿಗೂ ನಡುವೆ ಕೂರಿಸುವ ಬೆಣೆ. ಬೆಣೆಯ ಒಂದು ಬದಿ ದಪ್ಪ, ಇನ್ನೊಂದು ತೆಳು. ದಪ್ಪ ಬದಿ ಜೀಪಿನ ಮುಖದ ಕಡೆ ಬರಬೇಕು. ತಿರುಗುಮುರುಗಾದರೆ ರೋಗ ಇಮ್ಮಡಿ.

ಅವನ ಶೆಡ್ಡಿಗೆ ಬಂದ ಗಾಡಿಗಳೆಲ್ಲ ಮುಖ ಒಳಗೆ ಮಾಡಿ, ಹಿಂದಿನ ಗೋಡೆಯನ್ನು ನೋಡುತ್ತ ನಿಲ್ಲುತ್ತಿದ್ದವು. ಹಾಗಾಗಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದ: ದಪ್ಪ ಬದಿ ಗೋಡೆಗೆ. ಬರೆದದ್ದು ಬೇರೆಯವರಿಗಾಗಿ. ತಾನು ಗಾಡಿಯ ಅಡಿಯ ಗುಂಡಿಗಿಳಿದರೆ ಕಣ್ಣು ಬೇಕಿಲ್ಲ, ಕೈಯೇ ಸಾಕು ಎಂಬುದು ಅವನ ಹೆಮ್ಮೆ.

೧೯೭೬ರ ಆಷಾಢದಲ್ಲಿ ಹಚ್ಚೊಳ್ಳಿಯ ದಾಕ್ಷಾಯಣಮ್ಮನ ಜೀಪು ಬಂತು. ಅರವತ್ತು ಎಕರೆ ಭತ್ತದ ಗದ್ದೆಯನ್ನು ಗಂಡ ಸತ್ತ ಮೇಲೆ ಒಬ್ಬಳೇ ನಡೆಸಿದ ಹೆಂಗಸು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಳ್ಳಾರಿಗೆ ಬಂದಿದ್ದಳು. ಅಷ್ಟರಲ್ಲಿ ಜೀಪೂ ಎತ್ತರವಾಗಲಿ ಎಂದು ಡ್ರೈವರ್ ಮಾರೆಣ್ಣನ ಕೈಲಿ ಕಳಿಸಿದಳು. ಅವನು ಬಂದವನೇ ಜೀಪನ್ನು ಹಿಮ್ಮುಖವಾಗಿ ಒಳಗೆ ತಂದ.

"ಅಮ್ಮಾರ ಹುಕುಂ ರೀ ಮೇಸ್ತ್ರಿ. ಹೊರಡುವಾಗ ಗಾಡಿ ಬೆನ್ನು ತೋರಿಸಿ ಹೊರಡಬಾರದಂತ."

"ಹೆಂಗರ ನಿಲ್ಲಲಿ ಬಿಡು, ಬೆಣಿಗೇನು ಗೊತ್ತಾಗ್ತೈತಿ," ಎಂದು ನಕ್ಕು ಕಾಡಸಿದ್ದಪ್ಪ ಗುಂಡಿಗಿಳಿದ.

ಎರಡು ದಿನಕ್ಕೆ ಕೆಲಸ ಮುಗಿಯಿತು. ಮೂರನೆಯ ದಿನ ಬೆಳಿಗ್ಗೆ ದಾಕ್ಷಾಯಣಮ್ಮ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದಳು. ಗಾಲಿಗೆ ನಿಂಬೆಹಣ್ಣು ಇಡಿಸಿದಳು.

"ಒಂದು ಸುತ್ತು ಹೊಡೆದು ನೋಡ್ತೀನ್ರಿ," ಎಂದ ಕಾಡಸಿದ್ದಪ್ಪ.

"ನಿಂಬಿಹಣ್ಣು ತುಳಿದ ಗಾಡಿ ಹೊಳ್ಳಿ ಬರಬಾರ್ದು. ಯಾಕ, ನಿನ್ನ ಕೆಲಸದ ಮ್ಯಾಲ ನಿನಗ ನಂಬಿಕಿ ಇಲ್ಲೇನು?"

ಈ ಮಾತಿಗೆ ಅವನು ಚಾವಿಯನ್ನು ಮಾರೆಣ್ಣನ ಕೈಗೆ ಕೊಟ್ಟ. ಆಕೆ ಮಾರೆಣ್ಣನ ಕಡೆ ತಿರುಗಿದಳು. "ತಲಿ ಅಲುಗಬಾರ್ದು ಅಂದಾರ ಡಾಕ್ಟ್ರು. ಬರೂವಾಗ ನನ್ನ ಕುಟ್ಟಿ ಹಿಟ್ಟು ಮಾಡೀದಿ. ಈ ಸಲ ಗಾಡಿ ಅತ್ತಿತ್ತ ವಾಲಿತಂದ್ರ ನೀ ಮನ್ಯಾಗ ಇರು. ವಯಸ್ಸಾತು ನಿನಗ."

"ಪಲ್ಲಕ್ಕಿ ಇದ್ದಂಗ ಹೋಗ್ತೈತ್ರಿ ಅಮ್ಮಾರ," ಎಂದ ಮಾರೆಣ್ಣ. ಹದಿನೆಂಟು ವರ್ಷದಿಂದ ಆಕೆಯ ಗಾಡಿ ಓಡಿಸಿದವನು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ದಾರಿಯಲ್ಲಿ ಕುರುಗೋಡಿನ ಬೀಗರ ಮನೆಯಲ್ಲಿ ಊಟ ಎಂದು ಹೇಳಿ ಹೊರಟರು.

ಹನ್ನೊಂದಕ್ಕೆ ಇನ್ನೊಂದು ಜೀಪು ಬಂತು, ಎಲ್ಲವೂ ಬರುವಂತೆ ಮುಖ ಒಳಗೆ ಮಾಡಿ. ಕಾಡಸಿದ್ದಪ್ಪ ಗುಂಡಿಗಿಳಿದು, ಬೆಣೆಯ ದಪ್ಪ ಬದಿಯನ್ನು ಗೋಡೆಗೆ ತಿರುಗಿಸಿ ಕೈ ಎತ್ತಿದ. ರೇಡಿಯೇಟರಿನಿಂದ ಒಂದು ಬಿಸಿ ಹನಿ ಕತ್ತಿನ ಮೇಲೆ ಬಿತ್ತು. ಅವನ ಕೈ ಅಲ್ಲೇ ನಿಂತಿತು. ನಿನ್ನೆ, ಮೊನ್ನೆ ದಾಕ್ಷಾಯಣಮ್ಮನ ಜೀಪಿನ ರೇಡಿಯೇಟರು ಬಾಗಿಲ ಕಡೆಗಿತ್ತು. ದಪ್ಪ ಬದಿ ಮಾತ್ರ ಗೋಡೆಗೇ ಹೋಗಿತ್ತು.

ಬೋಲ್ಟು ತಿರುಗಿಸುವ ಎರಡು ಪಾನ ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹಿಡಿದ. ಸೀಟು ಖಾಲಿಯಿದ್ದರೂ ಬಾಗಿಲ ಕಂಬಿ ಹಿಡಿದು ನಿಂತ.

"ಕುಂದರ್ರಿ ಮೇಸ್ತ್ರಿ," ಎಂದ ಕಂಡಕ್ಟರ್. "ನೀವು ನಿಂತ್ರ ಬಸ್ಸೇನು ಜಲ್ದಿ ಓಡಂಗಿಲ್ಲ."

ಕೂತ. ಮತ್ತೆ ಎದ್ದ. ಪ್ರತಿ ತಿರುವಿನಲ್ಲೂ ಬಗ್ಗಿ ರಸ್ತೆಯ ಪಕ್ಕದ ತಗ್ಗು ನೋಡಿದ. ಜೀಪು ಅಲೆಯುತ್ತದೆ, ಮುದುಕಿ ಮಾರೆಣ್ಣನನ್ನು ಕೆಲಸದಿಂದ ಬಿಡಿಸುತ್ತಾಳೆ, ಇದರಲ್ಲಿ ಅನುಮಾನವಿರಲಿಲ್ಲ. ಏನು ಹೇಳುವುದು? ಗಾಡಿ ಹಿಂದುಮುಂದಾಗಿ ನಿಲ್ಲಿಸಲು ಹೇಳಿದ್ದು ಆಕೆ. ಸುತ್ತು ಹೊಡೆಯಲು ಬಿಡದವಳೂ ಆಕೆ. ಇಲ್ಲ, ಅದೂ ಬೇಡ. ಹೊಸ ಬೋಲ್ಟು ನಾಕು ಮೈಲಿ ಓಡಿದ ಮೇಲೆ ಬಿಗಿ ನೋಡಬೇಕು ಎಂದರಾಯಿತು. ಬೆಣೆ ತಿರುಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ಈ ಮಾತನ್ನು ನಾಲ್ಕು ಸಲ ಹೇಳಿಕೊಂಡಿದ್ದ.

ಜೀಪು ಬೀಗರ ಮನೆಯ ಬೇವಿನ ಮರದ ಕೆಳಗಿತ್ತು. ಮಾರೆಣ್ಣ ಕಟ್ಟೆಯ ಮೇಲೆ ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ.

"ನನ್ನ ಕೈ ಹೋದುವು ಮೇಸ್ತ್ರಿ. ನೆಟ್ಟಗ ಹಿಡಿದ್ರೂ ಗಾಡಿ ನಿಲ್ಲವಲ್ದು. ಎರಡು ಸಲ ತಗ್ಗಿನ ಅಂಚಿಗೆ ಹೋದ್ವಿ. ಅಮ್ಮಾರು ಚಾವಿ ಇಸ್ಕೊಂಡ್ರು."

ಆಗಲೇ ಹೇಳಬಹುದಿತ್ತು. "ಬೋಲ್ಟು ಬಿಗಿ ನೋಡಾಕ ಬಂದೆ," ಎಂದ ಕಾಡಸಿದ್ದಪ್ಪ.

ಜಾಕು ಕೊಟ್ಟವನು ಮಾರೆಣ್ಣನೇ. ಪಾನ ಬೇಕೆಂದಾಗ ಕೈಗೆ ಕೊಟ್ಟವನೂ ಅವನೇ. ಒಂದು ತಾಸಿನಲ್ಲಿ ಎರಡೂ ಬೆಣೆ ತಿರುಗಿ ಕೂತವು. ಅಷ್ಟರಲ್ಲಿ ದಾಕ್ಷಾಯಣಮ್ಮ ಹೊರಬಂದಳು, ಬೀಗರ ಟ್ರ್ಯಾಕ್ಟರ್ ಡ್ರೈವರ್ ದುರುಗಪ್ಪನ ಜೊತೆ. ದುರುಗಪ್ಪ ಊರ ಅಗಸಿಬಾಗಿಲ ತನಕ ಜೀಪು ಓಡಿಸಿ ಬಂದು ಚಾವಿ ಆಕೆಗೆ ಕೊಟ್ಟು, "ಬೆಣ್ಣ್ಯಾಗಿನ ಕೂದಲು ಎಳದಂಗ ಬರ್ತೈತ್ರಿ ಅಮ್ಮಾರ!" ಎಂದ.

"ಕೇಳಿದೇನು ಮಾರೆಣ್ಣ? ಗಾಡಿ ಸರಿ ಐತಿ. ಕೈ ಸರಿ ಇಲ್ಲ."

ಮಾರೆಣ್ಣ ತಲೆಯಾಡಿಸಿದ. ಅವನೂ ನಂಬಿದ್ದ. ತಾನು ಗುಟ್ಟಾಗಿ ಮಾಡಿದ ರಿಪೇರಿಯೇ ಈಗ ಅವನ ಮೇಲೆ ಸಾಕ್ಷಿ ಹೇಳುತ್ತಿದೆ ಎಂದು ಕಾಡಸಿದ್ದಪ್ಪನಿಗೆ ಗೊತ್ತಾಯಿತು. ಪಾನವನ್ನು ಚೀಲಕ್ಕೆ ಹಾಕಿದ, ಮತ್ತೆ ತೆಗೆದ.

"ಅಮ್ಮಾರ, ಬೆಣಿ ಹಿಂದಮುಂದ ಕೂತಿತ್ರಿ. ಈಗ ತಿರುಗಿಸೀನಿ. ಮುಂಜಾನಿಂದ ಗಾಡಿನ ಸರಿ ಇರಲಿಲ್ಲ. ಮಾರೆಣ್ಣನ ಕೈಗೆ ಏನೂ ಆಗಿಲ್ಲ."

"ಯಾರು ಹಾಕಿದ್ದು?"

"ನಾನ ರೀ."

"ನಿನ್ನ ಗ್ವಾಡಿ ಬರಹ ನಾನೂ ಓದೀನಿ. ಗಾಡಿ ಹಿಂದಮುಂದ ನಿಲ್ಸಿದ ಮುದುಕಿದ ತಪ್ಪು ಅಂತೀಯೇನು ಇನ್ನ?"

ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತನ್ನು ಆಕೆಯೇ ಎತ್ತಿಕೊಟ್ಟಿದ್ದಳು. ಅವನು ತೆಗೆದುಕೊಳ್ಳಲಿಲ್ಲ. "ನಿಲ್ಸಿದ್ದು ನೀವು. ನೋಡದ ಹಾಕಿದ್ದು ನಾನು."

ದುರುಗಪ್ಪ ಕಿಸಕ್ಕನೆ ನಕ್ಕ. ದಾಕ್ಷಾಯಣಮ್ಮ ನಗಲಿಲ್ಲ. "ಬಂದ ಕೂಡ್ಲೆ ಹೇಳಾಕ ಏನಾಗಿತ್ತು? ಬಾಯಾಗೂ ಬೆಣಿ ಹೊಡಕೊಂಡಿದ್ದೇನು?" ಚಾವಿಯನ್ನು ಡ್ರೈವರ್ ಸೀಟಿನ ಮೇಲೆ ಒಗೆದಳು. "ಮಾರೆಣ್ಣ, ಹೊತ್ತಾತು, ನಡಿ. ಮೇಸ್ತ್ರಿ, ನೀನೂ ಹಿಂದ ಕುಂದ್ರು. ನನ್ನ ತಲಿ ಅಲುಗಿದ್ರ ಬೈಯಾಕ ಒಬ್ಬ ಬೇಕು."

ಹಚ್ಚೊಳ್ಳಿಯವರೆಗೆ ಕಾಡಸಿದ್ದಪ್ಪ ಮೊಣಕಾಲು ಎದೆಗೆ ಒತ್ತಿಕೊಂಡು ಕೂತ. ಜೀಪು ನೆಟ್ಟಗೆ ಓಡಿತು. ದಾರಿಯಲ್ಲಿ ಸಿರುಗುಪ್ಪದಲ್ಲಿ ಚಹಾಕ್ಕೆ ನಿಂತಾಗ ಮಾರೆಣ್ಣ ಅವನ ಪಕ್ಕಕ್ಕೆ ಬಂದ.

"ಒಂದು ತಾಸು ನಿಮಗ ಪಾನ ಕೊಟ್ಟೆ. ಒಂದು ತಾಸೂ ನನ್ನ ಕೈ ನಾನ ಬೈಕೊಂಡೆ."

ಕಾಡಸಿದ್ದಪ್ಪ ಚಹಾ ಆರುವ ತನಕ ಬಟ್ಟಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ.

ಮರುದಿನ ಗೋಡೆಯ ಸುಣ್ಣದ ಅಕ್ಷರ ಒರೆಸಿ, ಎಣ್ಣೆಬಣ್ಣದಲ್ಲಿ ಬರೆದ: ದಪ್ಪ ಬದಿ ಗಾಡಿಯ ಲೈಟಿನ ಕಡೆಗೆ. ಅವನ ಚಡಪಡಿಕೆ ಕಡಿಮೆಯಾಗಲಿಲ್ಲ. ತಾನು ಬೆಣೆ ಹಾಕಿದ ಗಾಡಿ ಹೊರಟರೆ ಸೈಕಲ್ಲಿನಲ್ಲಿ ಒಂದು ಮೈಲಿ ಹಿಂಬಾಲಿಸುವುದು ಹೊಸದಾಗಿ ಸೇರಿತು. ಮಾರೆಣ್ಣ ಮುಂದೆ ಏಳು ವರ್ಷ ಅದೇ ಜೀಪು ಓಡಿಸಿದ. ಶೆಡ್ಡಿಗೆ ತಂದಾಗಲೆಲ್ಲ, ಹೊರಡುವ ಮೊದಲು ಅಂಗಿ ಕಳಚಿಟ್ಟು ತಾನೇ ಗುಂಡಿಗಿಳಿದು, ಎರಡೂ ಬೆಣೆಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಕಾಡಸಿದ್ದಪ್ಪ ಮೇಲಿನಿಂದ ಅವನಿಗೆ ಬ್ಯಾಟರಿಯ ಬೆಳಕು ಹಿಡಿಯುತ್ತಿದ್ದ.