ಹೆಂಗಸರ ಕಡೆಯ ಜಮಖಾನ

ಸುನಂದಮ್ಮ ಆಶಾರಾಣಿಯನ್ನು ಮೊದಲ ಸಲ ಕಂಡ ದಿನ, ಅವಳು ಬರಿ ನೆಲದ ಮೇಲೆ ಕೂತಿದ್ದಳು.

ವೇಮಗಲ್‌ನಿಂದ ನರಸಾಪುರಕ್ಕೆ ಹೋಗುವ ದಾರಿಯಲ್ಲಿ, ಹಿಪ್ಪುನೇರಳೆ ತೋಟಗಳ ಮಗ್ಗುಲಿಗಿರುವ ಶೀಟಿನ ಮಾಡಿನ ಚಿಕ್ಕ ಚರ್ಚು ಅದು. ಅಲ್ಲಿ ಬೆಂಚುಗಳಿಲ್ಲ. ಬಾಗಿಲು ದಾಟಿದರೆ ಎಡಕ್ಕೆ ಗಂಡಸರ ಜಮಖಾನ, ಬಲಕ್ಕೆ ಹೆಂಗಸರದು, ನಡುವೆ ಓಡಾಡಲು ಸಿಮೆಂಟಿನ ನೆಲ. ಗಂಡ ತೀರಿಕೊಂಡ ಮೇಲೆ ಆ ಎರಡನ್ನೂ ಕೊಡವಿ, ಸುಕ್ಕಿಲ್ಲದ ಹಾಗೆ ಹಾಸುವುದು ಸುನಂದಮ್ಮನ ಸೇವೆಯಾಗಿತ್ತು. ಆ ಭಾನುವಾರ ಹಾಡು ಶುರುವಾದ ಮೇಲೆ ಒಬ್ಬ ಎತ್ತರದ ಹೆಂಗಸು ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗನ್ನು ತಲೆ ತುಂಬ ಹೊದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ನಡುವಿನ ನೆಲದ ಮೇಲೆ ಕೂತುಬಿಟ್ಟಳು.

ಪ್ರಾರ್ಥನೆಯ ಹೊತ್ತಿನಲ್ಲಿ ವೆಂಕಟರತ್ನಮ್ಮ ಸುನಂದಮ್ಮನ ಪಕ್ಕೆಗೆ ತಿವಿದಳು. "ಅಕ್ಕಾ, ಅದು ಹೆಂಗಸಲ್ಲ ಕಣಕ್ಕಾ. ಗದ್ದ ನೋಡಿ."

"ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಿದ್ದೋಳಿಗೆ ಗದ್ದ ಹೆಂಗಮ್ಮ ಕಾಣ್ತು?" ಎಂದಳು ಸುನಂದಮ್ಮ.

ಎಲ್ಲ ಮುಗಿದು ಜಮಖಾನ ಸುತ್ತುವಾಗ ಆ ಎತ್ತರದ ಹೆಂಗಸು ತಾನಾಗಿಯೇ ಬಂದು ಇನ್ನೊಂದು ತುದಿ ಹಿಡಿದಳು. ಮಂಗಳಮುಖಿ. ಆಶಾರಾಣಿ ಅನ್ನುವುದು ಅವಳೇ ಇಟ್ಟುಕೊಂಡ ಹೆಸರು. ನರಸಾಪುರದಲ್ಲಿ ಕಂಪನಿ ಹುಡುಗರ ಮೆಸ್ಸೊಂದರಲ್ಲಿ ಚಪಾತಿ ಲಟ್ಟಿಸುತ್ತಿದ್ದಳು.

"ನೆಲದ ಮೇಲೆ ಯಾಕಮ್ಮ ಕೂತೆ? ತಂಡಿ ಹಿಡಿಯಲ್ವಾ?"

"ಪರ್ವಾಲೇದಮ್ಮಾ. ಎಲ್ಲಿ ಕೂತ್ರೂ ಯಾರಾದ್ರೂ ಎಬ್ಬಿಸ್ತಾರೆ. ನೆಲದಿಂದ ಯಾರೂ ಎಬ್ಬಿಸಲ್ಲ."

ಅವಳ ಊರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಅಲ್ಲೂ ಹೀಗೆಯೇ ಜಮಖಾನದ ಸಭೆ. ಚಿಕ್ಕಂದಿನಲ್ಲಿ ಅಮ್ಮನ ಮಡಿಲಿಗೆ ಒರಗಿ ಹೆಂಗಸರ ಕಡೆ ಕೂರುತ್ತಿದ್ದಳಂತೆ. ಮಗ ದೊಡ್ಡವನಾದ ಅಂತ ಒಂದು ದಿನ ಅಪ್ಪ ಹಾಡಿನ ನಡುವೆಯೇ ಎದ್ದುಬಂದು, ರಟ್ಟೆ ಹಿಡಿದು ಗಂಡಸರ ಕಡೆಗೆ ಎಳೆದುಕೊಂಡು ಹೋದನಂತೆ. "ಅಮ್ಮ ಹಾಡು ನಿಲ್ಲಿಸ್ಲಿಲ್ಲಮ್ಮಾ. ಹಾಡ್ತಾನೇ ಅತ್ತಳು. ಆಮೇಲೆ ನಾನು ಅಮ್ಮನ ಕಡೆಗೆ ಯಾವತ್ತೂ ಹೋಗೋಕಾಗ್ಲಿಲ್ಲ. ಸಾಯೋದ್ರೊಳಗೆ ಒಂದ್ಸಲ ಹೆಂಗಸರ ಕಡೆ ಕೂತು ಹಾಡಬೇಕು, ಅಷ್ಟೇ ಆಸೆ."

ಸುನಂದಮ್ಮ ಅದನ್ನು ಪಾಸ್ಟರ್ ಗಂಗಾಧರ್ ಅಯ್ಯನವರಿಗೆ ಹೇಳಿದಳು. ಅವರು ಒಳ್ಳೆಯವರು, ಆದರೆ ಹೆದರುವ ಸ್ವಭಾವ. ಸಭೆಯ ಹಿರಿಯ ಕದಿರಪ್ಪನನ್ನು ಕೇಳಿ ಹೇಳುತ್ತೇನೆ ಎಂದರು. ಕದಿರಪ್ಪ ಈ ಚರ್ಚಿನ ಗೋಡೆಗೆ ತಾನೇ ಕಲ್ಲು ಹೊತ್ತವನು.

"ಬರೋದು ಬೇಡ ಅಂತ ನಾನೆಲ್ಲಿ ಅಂದೆ? ಬರ್ಲಿ," ಎಂದ ಕದಿರಪ್ಪ. "ಆದ್ರೆ ಊರೋರು ಮೊದ್ಲೇ ನಮ್ಮ ಮೇಲೆ ಕಣ್ಣಿಟ್ಕೊಂಡವ್ರೆ. ನಾಳೆ ಇದನ್ನ ಹಿಡ್ಕೊಂಡು ಆಡ್ಕೊಂಡ್ರೆ? ಹೆಣ್ಮಕ್ಕಳ ಜೊತೆ ಮಾತ್ರ ಬೇಡ."

ಪಾಸ್ಟರ್ ಎರಡೂ ಕಡೆಗೆ ನೋವಾಗದ ಹಾಗೆ ಒಂದು ದಾರಿ ಹುಡುಕಿದರು. ಕೋಲಾರದಿಂದ ಹೊಸ ಚಾಪೆ ತರಿಸಿದರು. ಹಸಿರು ಅಂಚು, ನಡುವೆ ನವಿಲಿನ ಚಿತ್ರ. ಅದನ್ನು ಹೆಂಗಸರ ಜಮಖಾನದ ಹಿಂದೆ, ಒಂದು ಮೊಳ ಬಿಟ್ಟು ಹಾಸಿಸಿ, "ಇದು ನಮ್ಮ ಸಹೋದರಿಗೆ," ಎಂದು ಎಲ್ಲರ ಎದುರು ಹೇಳಿದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅವಳನ್ನು ಗೌರವಿಸಿದೆವು ಎಂದೇ ಎಲ್ಲರೂ ನಂಬಿದ್ದರು. ಆಶಾರಾಣಿ ಕೈಮುಗಿದು ನವಿಲಿನ ಮೇಲೆ ಕೂತಳು. ಅಂದು ಅವಳ ದನಿ ಮಾತ್ರ ಹಾಡಿನಲ್ಲಿ ಕೇಳಲಿಲ್ಲ.

ಸುನಂದಮ್ಮ ಎಷ್ಟೋ ವಾರ ಆ ಚಾಪೆಯನ್ನು ಹಾಸಿದಳು, ಸುತ್ತಿಟ್ಟಳು. ಕೈಗೆ ಏನೋ ಚುಚ್ಚಿದ ಹಾಗಾಗುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಒಂದು ಬುಧವಾರ ಹೆಂಗಸರ ಪ್ರಾರ್ಥನೆ ಮುಗಿದು ವೆಂಕಟರತ್ನಮ್ಮನ ಮನೆಯಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ತಟ್ಟನೆ ತಿಳಿಯಿತು. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಚಿಕ್ಕೋಳಿದ್ದಾಗ ನಮ್ಮಪ್ಪನ ಜೊತೆ ಸಂತೆಗೆ ಹೋಗ್ತಿದ್ದೆ. ಹೋಟ್ಲಲ್ಲಿ ನಮ್ಮೋರಿಗೆ ಅಂತ ಗೂಡಲ್ಲಿ ಬೇರೆ ಲೋಟ ಇಡ್ತಿದ್ರು. ಹಿತ್ತಾಳೆ ಲೋಟ, ಫಳಫಳ ಹೊಳೀತಿತ್ತು. ಬೇರೆಯೋರು ಕುಡಿಯೋ ಲೋಟಕ್ಕಿಂತ ಚೆನ್ನಾಗೇ ಇತ್ತು. ನಮ್ಮಪ್ಪ ಕುಡಿದು, ತಾನೇ ತೊಳ್ದು, ಮತ್ತೆ ಗೂಡಲ್ಲಿಟ್ಟು ಬರ್ತಿದ್ದ. ದಾರೀಲಿ ಮಾತಾಡ್ತಿರಲಿಲ್ಲ."

"ಈಗ್ಯಾಕಕ್ಕ ಅದು?"

"ನವಿಲಿನ ಚಾಪೆ ಚೆನ್ನಾಗೈತೆ ಕಣೇ ರತ್ನ. ಅದಕ್ಕೇ ಹೇಳ್ದೆ."

ವೆಂಕಟರತ್ನಮ್ಮ ಸ್ಟವ್ ಒರೆಸುತ್ತ ಬಹಳ ಹೊತ್ತು ಬೆನ್ನು ತಿರುಗಿಸಿಯೇ ನಿಂತಿದ್ದಳು.

ಮುಂದಿನ ಭಾನುವಾರ ಸುನಂದಮ್ಮ ಹೋಗಿ ಆಶಾರಾಣಿಯ ಪಕ್ಕ ಆ ಚಾಪೆಯ ಮೇಲೆಯೇ ಕೂತಳು. ಒಬ್ಬರ ಚಾಪೆ, ಇಬ್ಬರ ಮಂಡಿ ನೆಲಕ್ಕೆ ಬಂತು. ಆಮೇಲೆ ಜಮಖಾನದಿಂದ ಅನಸೂಯಮ್ಮ ಎದ್ದು ಬಂದಳು. ಮಕ್ಕಳನ್ನು ಎತ್ತಿಕೊಂಡು ಅವಳ ಇಬ್ಬರು ಸೊಸೆಯರು ಬಂದರು. ಜಮಖಾನದ ಮೇಲೆ ಜಾಗ ಖಾಲಿ, ಚಾಪೆಯ ಸುತ್ತ ನೂಕುನುಗ್ಗಲು. ಕೊನೆಗೆ ವೆಂಕಟರತ್ನಮ್ಮನೇ ಸಿಡುಕಿದಳು. "ಇದೇನ್ರೇ ಇದು, ಕುರಿ ತುಂಬ್ದಂಗೆ? ಎದ್ದೇಳೇ ಆಶಾ, ಈ ಕಡೆ ಬಾ. ನನ್ನ ಮಂಡಿ ನೋವಿಗೆ ಒರಗೋಕೆ ಒಬ್ಬರು ಬೇಕು, ನೀನೇ ಗಟ್ಟಿಮುಟ್ಟಾಗಿದೀಯ."

ಆಶಾರಾಣಿ ಎದ್ದಳು. ಜಮಖಾನದ ಅಂಚಿನಲ್ಲಿ ಒಂದು ಗಳಿಗೆ ತಡೆದು ನಿಂತಳು. ಗಂಡಸರ ಕಡೆ ಕದಿರಪ್ಪ ಎದ್ದು ಹೊರಗೆ ಹೋದ. ಅವನು ಬೇವಿನ ಮರದ ಕೆಳಗೆ ನಿಂತದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಪಾಸ್ಟರ್ ಅವನನ್ನು ನೋಡಿದರು, ಇವಳನ್ನು ನೋಡಿದರು. ಆಮೇಲೆ ಕಣ್ಣುಮುಚ್ಚಿ ಹಾಡು ಎತ್ತಿಕೊಂಡರು. ಆಶಾರಾಣಿ ಕೂತು, ಒಡೆದ ದಪ್ಪ ದನಿಯಲ್ಲಿ ಹಾಡಿದಳು. ಶ್ರುತಿ ಸೇರಲಿಲ್ಲ. ಹಾಡುತ್ತಲೇ ಅತ್ತಳು.

ಅವಳು ಹಾಗೆ ಕೂತದ್ದು ಕೆಲವೇ ಭಾನುವಾರ. ಬೇಸಿಗೆ ಬರುವಷ್ಟರಲ್ಲಿ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿಕೊಂಡಿತು. ಲಿವರ್ ಪೂರ್ತಿ ಕೆಟ್ಟಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮುಳಬಾಗಿಲಿಗೆ ಸುದ್ದಿ ಕಳಿಸಿದರೂ ಅಲ್ಲಿಂದ ಯಾರೂ ಬರಲಿಲ್ಲ. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಮೆಸ್ಸಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಸಭೆಯ ಹೆಂಗಸರು ಸರದಿಯ ಮೇಲೆ ರಾಗಿ ಗಂಜಿ ಕುಡಿಸಿದರು.

ಅವಳು ಬರಲಾಗದೆ ಹೋದ ಮೊದಲ ಭಾನುವಾರ ಸುನಂದಮ್ಮ ಎಂದಿನಂತೆ ಜಮಖಾನ ಹಾಸಿದಳು. ವೆಂಕಟರತ್ನಮ್ಮ ಬಂದವಳೇ, ಬಸ್ಸಿನಲ್ಲಿ ಸೀಟಿಗೆ ಟವಲು ಹಾಕುವ ಹಾಗೆ ಪಕ್ಕದಲ್ಲಿ ತನ್ನ ಬ್ಯಾಗು ಇಟ್ಟಳು. ತಡವಾಗಿ ಬಂದ ಹುಡುಗಿಯೊಬ್ಬಳು ಅದನ್ನು ಸರಿಸಿ ಕೂರಲು ಹೋದಳು.

"ಲೇ, ಅಲ್ಲಿ ಜನ ಅವ್ರೆ ಕಣೇ. ಆ ಕಡೆ ಹೋಗು," ಎಂದಳು ವೆಂಕಟರತ್ನಮ್ಮ, ಕಣ್ಣು ತೆರೆಯದೆ.

ಅದೇ ಸಂಜೆ ಸುನಂದಮ್ಮ ನರಸಾಪುರಕ್ಕೆ ಹೋದಳು. ಮರುದಿನ ಬೆಳಗಾಗುವುದರೊಳಗೆ ಆಶಾರಾಣಿ ಹೋಗಿಬಿಟ್ಟಳು. ಚರ್ಚಿನ ಹಿಂದಿನ ಜಾಗದಲ್ಲೇ ಮಣ್ಣು ಮಾಡಿದರು. ಕದಿರಪ್ಪ ಬೇಡ ಅನ್ನಲಿಲ್ಲ. ಬರಲೂ ಇಲ್ಲ. ಇದೆಲ್ಲ ಆಮೇಲಿನ ಮಾತು. ಆ ಸಂಜೆ ಅವಳಿಗೆ ಇನ್ನೂ ಪ್ರಜ್ಞೆ ಇತ್ತು. ಹೊರಗೆ ಶಿಫ್ಟು ಮುಗಿಸಿದ ಹುಡುಗರನ್ನು ಇಳಿಸಿ ಕಂಪನಿ ಬಸ್ಸು ಹೋಯಿತು. ಸುನಂದಮ್ಮ ಅವಳ ತುಟಿಗೆ ಒದ್ದೆ ಬಟ್ಟೆ ಒತ್ತಿದಳು. ಆಶಾರಾಣಿ ಬಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಉಸಿರು ಕೂಡಿಸಿಕೊಂಡು ಕೇಳಿದಳು:

"ಅಮ್ಮಾ, ಇವತ್ತು ಹೆಂಗಸರ ಕಡೆ ನನ್ನ ಜಾಗದಲ್ಲಿ ಯಾರು ಕೂತಿದ್ರು?"