ಕಣ್ಣಿನ ಸೂತಕ

ಅವ್ವನ ಬಲಗಣ್ಣಿಗೆ ಹೂ ಬಿದ್ದದ್ದು ಮುಸುಕಿನ ಜೋಳ ಮುರಿಯುವಾಗ. ಬಂಡಳ್ಳಿಯ ನಮ್ಮ ಹೊಲದಲ್ಲಿ ಜೋಳದ ಗರಿಯೊಂದು ಸರ್ರನೆ ಬಂದು ಕಣ್ಣಿಗೆ ಬಡಿದಿತ್ತು. ಕಣ್ಣು ಕೆಂಪಾಯಿತು, ನೀರು ಸುರಿಯಿತು. ತಂಪಾಗಲಿ ಎಂದು ಯಾರೋ ನಂದಿಬಟ್ಟಲು ಹೂವಿನ ರಸ ಹಿಂಡಿದರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೀವು ಕಟ್ಟಿ ರೆಪ್ಪೆ ಅಂಟಿಕೊಂಡಿತ್ತು. ಹುಣ್ಣು ಮಾಯ್ದ ಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಿತು. ಆ ಕಲೆಗೇ ನಮ್ಮ ಕಡೆ ಹೂ ಅನ್ನುತ್ತಾರೆ. ಇಷ್ಟು ಕೆಟ್ಟದ್ದಕ್ಕೆ ಇಷ್ಟು ಚೆಂದದ ಹೆಸರಿಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅವ್ವನ ಎಡಗಣ್ಣು ಚಿಕ್ಕಂದಿನಲ್ಲೇ, ಮೈಮೇಲೆ ಸಿಡುಬಿನ ಅಮ್ಮ ಎದ್ದಾಗ, ಸುರುಟಿ ಹೋಗಿತ್ತು. ಅಷ್ಟು ವರ್ಷ ಒಂದೇ ಕಣ್ಣಲ್ಲಿ ಕಳೆ ಕಿತ್ತವಳು, ರಾಗಿ ಕೇರಿದವಳು, ನನ್ನ ತಲೆಯ ಹೇನು ಹೆಕ್ಕಿದವಳು. ಈಗ ಬೆಳಕು, ಕತ್ತಲೆ ಬಿಟ್ಟರೆ ಇನ್ನೇನೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಹನೂರಿನ ಶಾಲೆಯಲ್ಲಿ ಟೀಚರು. ಅವಳನ್ನು ಕೊಳ್ಳೇಗಾಲದ ನನ್ನ ಮನೆಗೆ ಕರೆದುಕೊಂಡು ಬಂದೆ.

ನಾನೂ ಎಲ್ಲರ ಹಾಗೆ ಅದನ್ನು ಪೊರೆ ಎಂದುಕೊಂಡಿದ್ದೆ. ಉಚಿತ ಕಣ್ಣಿನ ಕ್ಯಾಂಪು ನಡೆದಾಗಲೆಲ್ಲ ಅವಳ ಕೈ ಹಿಡಿದುಕೊಂಡು ಹೋಗಿ ಸಾಲಿನಲ್ಲಿ ಕೂರಿಸುತ್ತಿದ್ದೆ. ಪ್ರತಿ ಸಲವೂ 'ದೊಡ್ಡಾಸ್ಪತ್ರೆಗೆ ತೋರಿಸಿ' ಎಂದು ಸಾಗಹಾಕುತ್ತಿದ್ದರು. ಒಂದು ಸಲ ನಾನು ಎದ್ದೇಳುವುದಿಲ್ಲ ಎಂದು ಹಟ ಹಿಡಿದು ಕೂತೆ. ಆಗ ಒಬ್ಬ ಡಾಕ್ಟರು ಬ್ಯಾಟರಿ ಆರಿಸಿ ಬಿಡಿಸಿ ಹೇಳಿದರು.

"ಪೊರೆ ಆಗಿದ್ರೆ ನಾವೇ ತೆಗೀತಿದ್ವಿ ಮೇಡಂ. ಗಡಿಯಾರದ ಮೇಲೆ ಗಾಜಿರುತ್ತಲ್ಲ, ಕಣ್ಣಿಗೂ ಹಂಗೆ ಮುಂದೊಂದು ಗಾಜಿದೆ, ಕಾರ್ನಿಯಾ ಅಂತ. ಆ ಗಾಜೇ ಮಬ್ಬಾಗಿದೆ. ಬದಲಾಯಿಸ್ಬೇಕು."

"ಬದಲಾಯಿಸಿ ಮತ್ತೆ," ಎಂದೆ ನಾನು.

"ಅಂಗಡೀಲಿ ಸಿಗಲ್ಲ. ಸತ್ತವರ ಮನೆಯವರು ಕೊಡ್ಬೇಕು. ಕೊಡೋರು ಕಮ್ಮಿ, ಕಾಯೋರು ಜಾಸ್ತಿ."

ಮೈಸೂರಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಬಂದೆವು. ಕಣ್ಣು ಬಂದರೆ ಫೋನ್ ಮಾಡುತ್ತೇವೆ, ಕೂಡಲೇ ಹೊರಡಬೇಕು ಎಂದರು. ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು. ಬಚ್ಚಲಿಗೂ ಫೋನು, ಪಾಠ ಮಾಡುವಾಗಲೂ ಎಡಗೈಯಲ್ಲಿ ಫೋನು. ಗೊತ್ತಿಲ್ಲದ ನಂಬರು ಬಂದರೆ ಸೀಮೆಸುಣ್ಣ ಬಿಸಾಕುತ್ತಿದ್ದೆ. ಎತ್ತಿದರೆ ಯಾರೋ ಸಾಲ ಬೇಕಾ ಎಂದು ಕೇಳುತ್ತಿದ್ದರು. ಅವರಿಗೆ ನಾನು ಬೈದ ಬೈಗುಳ ಶಾಲೆಯ ಮಕ್ಕಳು ಕೇಳಬಾರದಿತ್ತು. ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೆ. "ಕುಂತ್ಕಳಮ್ಮಿ, ನಿನ್ ಎಜ್ಜೆ ಸದ್ದು ಕೇಳೀ ಕೇಳೀ ನಂಗೆ ತಲೆನೋವು," ಎನ್ನುತ್ತಿದ್ದಳು ಅವ್ವ. ಅವಳು ಮಾತ್ರ ಆರಾಮವಾಗಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಒಂದು ಸಂಜೆ ಹನೂರಿನಿಂದ ಬರುವಾಗ ಬಸ್ಸು ನಡುದಾರಿಯಲ್ಲಿ ನಿಂತಿತು. ಎದುರಿಗೆ ತಮಟೆ ಬಡಿದುಕೊಂಡು ಹೆಣ ಹೊತ್ತವರು ಬರುತ್ತಿದ್ದರು. ಚಟ್ಟದ ಮೇಲೆ ಕೂರಿಸಿದ್ದ ಮುದುಕ, ಕೊರಳ ತುಂಬ ಸೇವಂತಿಗೆ. ಉಳಿದವರು ಕೈ ಮುಗಿದರು. ನಾನು ಮಾತ್ರ ಅವನ ಮುಚ್ಚಿದ ರೆಪ್ಪೆಗಳನ್ನೇ ನೋಡಿದೆ. ಎರಡು ಕಣ್ಣು ಮಣ್ಣಿಗೆ ಹೋಗುತ್ತಿವೆ, ಇಳಿದು ಹೇಳಲೇ ಅನ್ನಿಸಿತು. ಹೇಳುವುದು ಹೇಗೆ? ಅಳುತ್ತಿರುವವರ ಮುಂದೆ ಯಾವ ಬಾಯಲ್ಲಿ ಕೇಳುವುದು? ಬಸ್ಸು ಹೊರಟಿತು. ಯಾರದೋ ಸಾವಿಗೆ ಕಾದು ಕೂತ ಹದ್ದಾಗಿಬಿಟ್ಟೆನಲ್ಲ ಎಂದು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಆ ಕರೆ ಬಂದಾಗ ನಾನು ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ಮುಗಿಸಲಿಲ್ಲ. ಸಂಜೆಯ ಹೊತ್ತಿಗೆ ಮೈಸೂರಿನಲ್ಲಿದ್ದೆವು. ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅವ್ವ ಕೇಳಿದ ಮೊದಲ ಮಾತು, "ಇದು ಯಾರ್ದವ್ವಾ ಕಣ್ಣು?"

"ಅದನ್ನೆಲ್ಲ ಹೇಳಂಗಿಲ್ಲ ಅಜ್ಜಿ. ತೀರಿಹೋದವರದ್ದು," ಎಂದಳು ನರ್ಸು.

"ಯಾವಾಗ ತೀರೋದ್ರು?"

"ನಿನ್ನೆ ಬೆಳಿಗ್ಗೆ."

ಅವ್ವ ಬೆರಳು ಮಡಿಸಿ ಏನೋ ಎಣಿಸಿಕೊಂಡಳು. ನರ್ಸು ನನಗೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಹೊತ್ತು ಹೊತ್ತಿಗೆ ಡ್ರಾಪ್ಸ್, ಕಣ್ಣು ಉಜ್ಜಬಾರದು, ಬಗ್ಗಬಾರದು, ಹೊಗೆ ಕೂಡದು, ಡಾಕ್ಟರು ಹೇಳುವ ತನಕ ತಲೆಗೆ ನೀರು ಹಾಕಲೇಬಾರದು. ನೀರು ಸೋಕಿ ಕೀವಾದರೆ ಹಾಕಿದ ಕಣ್ಣು ಹೋಗುತ್ತದೆ. ಇನ್ನೊಂದು ಸಿಗುವುದು ಯಾವಾಗಲೋ.

ಮನೆಗೆ ಬಂದು ಕಾಲಿಟ್ಟವಳೇ ಅವ್ವ ಹೇಳಿದಳು: "ದೀಪ ಅಚ್ಬೇಡ ಕಣಮ್ಮಿ. ನಮ್ಗೆ ಸೂತಕ."

ನನಗೆ ಸಿಟ್ಟು ನೆತ್ತಿಗೇರಿತು. "ಯಾರು ಸತ್ತವ್ರೆ ಅಂತ ಸೂತಕ? ಯಾವೂರೋ, ಯಾವ ಜನವೋ, ಗಂಡೋ ಹೆಣ್ಣೋ."

"ಅವ್ರ್ ಕಣ್ಣು ನನ್ ಮೊಕ್ದಲ್ಲಿ ಅದೆ. ಅಂದ್ಮೇಲೆ ಅವ್ರು ನಮ್ಮೋರಲ್ವಾ? ನೀನು ಮದ್ವೆ ಆಗಿ ಬ್ಯಾರೆ ಮನೆಗೆ ಓದೋಳು, ನಿಂಗೆ ಮೂರ್ ದಿನ ಸಾಕು. ನಂಗೆ ಅನ್ನೊಂದ್ನೇ ದಿನದ್ ಗಂಟ."

ಮರುದಿನ ಯಳಂದೂರಿನಲ್ಲಿ ನನ್ನ ಓರಗಿತ್ತಿಯ ಮಗಳ ಮದುವೆ. ಅವ್ವ ನನ್ನನ್ನು ಹೋಗಗೊಡಲಿಲ್ಲ. ಓರಗಿತ್ತಿಗೆ ಫೋನ್ ಮಾಡಿ ಸೂತಕ ಎಂದೆ.

"ಅಯ್ಯೋ, ಯಾರು ತೀರ್ಕಂಡ್ರಕ್ಕ?"

"ಗೊತ್ತಿಲ್ಲ ಕಣೇ."

ಅವಳು ಫೋನ್ ಇಟ್ಟುಬಿಟ್ಟಳು. ನನಗೆ ಹುಚ್ಚು ಹಿಡಿದಿದೆ ಎಂದು ಅವಳು ಈಗಲೂ ನಂಬಿದ್ದಾಳೆ.

ಹೂತ ಗುಡ್ಡೆಗೆ ಹಾಲುತುಪ್ಪ ಬಿಡುವ ದಿನ, ಆ ಗುಡ್ಡೆ ಎಲ್ಲಿದೆಯೋ ತಿಳಿಯದೆ, ಅವ್ವ ಹಿತ್ತಲಿನ ನುಗ್ಗೆಮರದ ಬುಡಕ್ಕೆ ಹಾಲುತುಪ್ಪ ಬಿಟ್ಟಳು. ಅವಳು ಬಗ್ಗದ ಹಾಗೆ ನಾನು ಬಟ್ಟಲನ್ನು ಹಿಡಿದಿದ್ದೆ. ಅಲ್ಲೇ ನಿಂತು ಅತ್ತಳು. ಅವಳು ಕಣ್ಣು ಒರೆಸಿಕೊಳ್ಳದಂತೆ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಮಾಧಾನ ಹೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ.

ನನ್ನ ಭಯವೆಲ್ಲ ಹನ್ನೊಂದನೆಯ ದಿನದ್ದೇ. ಸೂತಕ ಕಳೆಯಬೇಕಾದರೆ ತಲೆಗೆ ನೀರು ಹುಯ್ದುಕೊಳ್ಳಬೇಕು. ಅವ್ವ ಹಿಡಿದ ವ್ರತ ಬಿಟ್ಟವಳಲ್ಲ. ಆ ದಿನ ಶಾಲೆಗೆ ರಜೆ ಹಾಕಿದೆ. ಎದ್ದು ನೋಡಿದರೆ ಹಾಸಿಗೆಯಲ್ಲಿ ಅವಳಿಲ್ಲ. ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು. ಓಡಿದೆ. ಚೊಂಬು ಹಿಡಿದುಕೊಂಡು, ತುರುಬು ಬಿಚ್ಚಿ ನಿಂತಿದ್ದಳು.

"ಒಂದೇ ಒಂದ್ ಚೊಂಬು ಕಣಮ್ಮಿ. ಕಣ್ಣ ಮುಚ್ಕಂಡು ಉಯ್ಕತೀನಿ."

"ಒಂದು ಹನಿಯೂ ಇಲ್ಲ." ಚೊಂಬನ್ನು ಕಿತ್ತುಕೊಂಡೆ. "ಸತ್ತೋರು ಕೊಟ್ಟಿರೋದನ್ನ ನೀರಿಗೆ ಹಾಕ್ತೀಯಾ? ಹೆಣ ಎತ್ತೋಕೆ ಮುಂಚೆ, ಎದೆ ಗಟ್ಟಿ ಮಾಡ್ಕಂಡು, ಕಣ್ಣು ತೆಗೀರಿ ಅಂದವ್ರೆ ಆ ಮನೆಯೋರು. ಅವ್ರಿಗೆ ಹೋಗಿ ಏನಂತ ಹೇಳ್ಲಿ ನಾನು?"

ಅವ್ವ ಗೋಡೆ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಅಂಗಾರೆ ನೀ ಉಯ್ಕ. ನನ್ ಬದ್ಲು ನೀ."

ಇದನ್ನೆಲ್ಲ ನಂಬುವವಳಲ್ಲ ನಾನು. ಬೇಗ ಮುಗಿದರೆ ಸಾಕು ಎಂದು ಅವಳನ್ನು ಆಚೆ ಕೂರಿಸಿ, ಬಾಗಿಲು ಹಾಕಿಕೊಂಡು ತಲೆಗೆ ನೀರು ಹುಯ್ದುಕೊಂಡೆ. ಮೊದಲ ಚೊಂಬಿಗೆ ಉಸಿರು ಸಿಕ್ಕಿಕೊಂಡಿತು. ಎರಡನೆಯದಕ್ಕೆ ಅಳು ಬಂತು. ಅಷ್ಟು ತಿಂಗಳು ಆ ಸಾವಿಗಾಗಿ ಕಾದವಳು ನಾನು, ಅವ್ವ ಅಲ್ಲ. ಕಾಯುವಾಗ ಅದು ಬರೀ ಒಂದು ಫೋನ್ ಕರೆಯಾಗಿತ್ತು. ಅದೇ ಕರೆ ಬಂದ ದಿನ ಯಾವುದೋ ಮನೆಯಲ್ಲಿ ಯಾರೋ ಏಳಲಿಲ್ಲ. ಸೂತಕ ನನಗೇ ಇದ್ದದ್ದು. ಬಕೆಟ್ಟು ಖಾಲಿಯಾಗುವ ತನಕ ಹುಯ್ದುಕೊಂಡೆ.

ಹೊರಗೆ ಬಂದಾಗ ಡ್ರಾಪ್ಸಿನ ಹೊತ್ತಾಗಿತ್ತು. ಕೈ ತೊಳೆದು, ಅವ್ವನ ಕಪ್ಪು ಕನ್ನಡಕ ತೆಗೆದು, ಮುಖ ಮೇಲೆತ್ತಿ ಹಿಡಿದು ಅವಳ ಮೇಲೆ ಬಾಗಿದೆ. ಟವೆಲಿನಿಂದ ತಪ್ಪಿಸಿಕೊಂಡ ಒಂದು ಎಳೆ ಒದ್ದೆ ಕೂದಲು ಅವಳ ಮುಂದೆ ಜೋತುಬಿತ್ತು. ಅವ್ವ ತಡಕಾಡಲಿಲ್ಲ. ನೇರವಾಗಿ ಕೈ ಚಾಚಿ ಅದನ್ನು ಹಿಡಿದುಕೊಂಡಳು.

"ಇದೇನಮ್ಮಿ, ಬೆಳ್ಗದೆ?"

"ನರೆ ಕಣವ್ವ."

"ನಿಂಗಾ?" ಎಂದು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಯಾವಾಗಾಯ್ತು?"

ಡ್ರಾಪ್ಸ್ ಹಾಕಿ ಅಡುಗೆಮನೆಗೆ ಹೋದೆ. ಅನ್ನ, ಸಾರು, ಪಾಯಸ, ಸತ್ತವರಿಗೆ ಏನು ಇಷ್ಟವೋ ತಿಳಿಯದ್ದರಿಂದ ಎಲ್ಲವನ್ನೂ ಒಂದಿಷ್ಟು ಬಾಳೆ ಎಲೆಗೆ ಬಡಿಸಿ ತಂದು ಎಡೆ ಇಟ್ಟೆ. ಅವ್ವ ಗೋಡೆ ಹಿಡಿಯದೆ ನಡೆದು ಬಂದು ಕೈ ಮುಗಿದಳು. ಹೆಸರು ಹಿಡಿದು ಕರೆಯಬೇಕಾದ ಜಾಗದಲ್ಲಿ ಸ್ವಲ್ಪ ತಡವರಿಸಿದಳು.

"ಅವ್ವನೋ ಅಪ್ಪನೋ, ಯಾರೋ ಕಾಣೆ. ಬಂದು ಉಣ್ಣಿ," ಎಂದಳು. "ನಿಮ್ ಕಣ್ಣಲ್ಲಿ ನನ್ ಮಗ್ಳ ಕಂಡೆ."