ಸಾಕ್ರಟೀಸನಿಗೆ ಬಂದ ಆಯೇರಿ

ಮೊನ್ನೆ ಟ್ರಂಕು ಖಾಲಿ ಮಾಡುವಾಗ ಡಾಂಬರು ಗುಳಿಗೆಯ ವಾಸನೆಯ ಜೊತೆಗೆ ಒಂದು ಹಳೆಯ ಟವೆಲ್ಲು ಹೊರಬಂತು. “ಇದನ್ನ ಮಸಿಅರಿವಿ ಮಾಡ್ಲೇನ್ರಿ?” ಎಂದಳು ಹೆಂಡತಿ. ಥಟ್ಟನೆ ಕಸಿದುಕೊಂಡೆ. ನೀವೇ ಹೇಳಿ, ಸಾಕ್ರಟೀಸನ ಟವೆಲ್ಲಿನಿಂದ ಯಾರಾದರೂ ಒಲೆಯ ಮೇಲಿನ ಬೋಗುಣಿ ಇಳಿಸುತ್ತಾರೆಯೇ?

ತೊಂಬತ್ತರ ದಶಕ. ಬೈಲಹೊಂಗಲದಲ್ಲಿ ಪಿಯುಸಿ ಓದುತ್ತಿದ್ದೆ. ಕಾಲೇಜಿನ ವರ್ಷದ ಗ್ಯಾದರಿಂಗಿಗೆಂದು ಕನ್ನಡ ಸರ್ ಸಾಕ್ರಟೀಸನ ಮೇಲೆ ಒಂದು ವಿಡಂಬನೆಯ ನಾಟಕ ಬರೆದಿದ್ದರು. ಅದರಲ್ಲಿ ಅಥೆನ್ಸಿನ ನ್ಯಾಯಾಧೀಶರು ಕೋಟು ತೊಟ್ಟು, ತಲೆಗೆ ಪಟಗಾ ಸುತ್ತಿ, ಎಲೆ ಅಡಿಕೆ ಜಗಿಯುತ್ತಲೇ ತೀರ್ಪು ಕೊಡುತ್ತಿದ್ದರು. ಸಾಕ್ರಟೀಸ್ ನಾನು. ಜಾಣನೆಂದಲ್ಲ, ಅರ್ಥವಾಗದ ಮಾತನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಗಡ್ಡಕ್ಕೆ ನಮ್ಮೂರಿನಲ್ಲಿ ಹತ್ತಿಗೇನು ಬರವೇ? ಅಪ್ಪನ ಹತ್ತಿ ಅಂಗಡಿಯಿಂದಲೇ ಒಂದು ಹಿಡಿ ತಂದಿದ್ದೆ.

ಆ ಅಂಗಡಿಯೇ ನನ್ನ ಸಂಕಟ. ಪರೀಕ್ಷೆ ಮುಗಿದದ್ದೇ ನಾನು ಅಲ್ಲಿ ಗಾದಿಯ ಮೇಲೆ ಕೂಡಬೇಕೆಂದು ಅಪ್ಪ ತೀರ್ಮಾನಿಸಿದ್ದ. ನನಗೋ ಮುಂದೆ ಓದುವ ಆಸೆ. ಅದನ್ನು ಹೇಳಿಕೊಂಡದ್ದು ಸಂಪಗಾಂವದಲ್ಲಿದ್ದ ಅಪ್ಪನ ಅಕ್ಕ, ನನ್ನ ಸೋದರತ್ತೆಯೊಬ್ಬಳ ಮುಂದೆ. ಅಪ್ಪನನ್ನು ಕೇಳುವ ಧೈರ್ಯವಿಲ್ಲದವನು ರಂಗದ ಮೇಲೆ ಮಾತ್ರ ಊರಿಗೆಲ್ಲ ಪ್ರಶ್ನೆ ಕೇಳುವ ಗಂಡು!

ನಮ್ಮ ಕಡೆಯ ನಾಟಕಗಳಲ್ಲಿ ಬೀಗರು ಬಿಜ್ಜರು ನಡುವೆಯೇ ಆಟ ನಿಲ್ಲಿಸಿ, ರಂಗವೇರಿ, ಪಾತ್ರಧಾರಿಗೆ ಬಟ್ಟೆ ಹೊದಿಸಿ ಮೈಕಿನಲ್ಲಿ ಹೆಸರು ಹೇಳಿಸುವುದುಂಟು. ಅದೇ ಆಯೇರಿ. ಗ್ರೀಸ್ ದೇಶದವನೆಂದು ನನ್ನನ್ನು ಬಿಟ್ಟಾರೆಯೇ? ವಿಷದ ಬಟ್ಟಲನ್ನು ಇನ್ನೇನು ತುಟಿಗಿಡಬೇಕು, ಅಷ್ಟರಲ್ಲಿ ಅತ್ತೆ ಟವೆಲ್ಲು ಹಿಡಿದು ಮೇಲೆ ಬಂದೇಬಿಟ್ಟಳು. ನನಗೆ ಹೊದಿಸಿದವಳು ಮೈಕು ತಾನೇ ಹಿಡಿದು ನ್ಯಾಯಾಧೀಶರತ್ತ ತಿರುಗಿದಳು.

“ಏನ್ ತಪ್ಪ ಮಾಡ್ಯಾನ್ರಿ ಇವ? ನಾಕ್ ಮಾತ ಕೇಳ್ಯಾನ, ಅಷ್ಟ. ಅದಕ್ಕ ವಿಷಾ ಕುಡಸ್ತೀರೇನ್ರಿ?”

ನ್ಯಾಯಾಧೀಶರು ಜಗಿಯುವುದನ್ನು ನಿಲ್ಲಿಸಿದರು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಪ್ಪನನ್ನು ನೋಡಿದಳು.

“ತಮ್ಮಾ, ಇವಗ ಇನ್ನೂ ಓದಬೇಕಂತ ಆಸೆ ಐತಿ. ನಿನ್ನ ಮುಂದ ಹೇಳಾಕ ಅಂಜತಾನ. ಓದಸ್ತೀಯೋ ಇಲ್ಲೋ, ಈಗ ಹೇಳು.”

ಪೇಟೆಯ ವ್ಯಾಪಾರಿಗಳೆಲ್ಲ ಅಪ್ಪನತ್ತ ತಿರುಗಿದ್ದರು. ಅವನು ಟೊಪ್ಪಿಗೆ ಸರಿಮಾಡಿಕೊಂಡು, “ಓದ್ಲಿ ಬಿಡಕ್ಕಾ, ಮೊದಲ ಕೆಳಗ ಇಳಿ” ಎಂದ. ನಾನು ಅತ್ತೆಯ ಕಾಲಿಗೆರಗಿದೆ. ಎದ್ದಾಗ ಗಡ್ಡ ಅವಳ ಪಾದದ ಮೇಲೆಯೇ ಉಳಿದಿತ್ತು. ಆಮೇಲೆ ಬಟ್ಟಲಲ್ಲಿದ್ದ ಬೆಲ್ಲದ ನೀರು ಕುಡಿದು ಬಹಳ ಸಂತೋಷದಿಂದ ಸತ್ತೆ.

ಇವತ್ತು ಕಿತ್ತೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಉಣ್ಣುತ್ತಿರುವುದು ಆ ಟವೆಲ್ಲಿನ ಋಣ. ಮೊನ್ನೆ ಟ್ರಂಕಿನಲ್ಲಿ ಅದು ಸಿಕ್ಕ ಮರುದಿನವೇ ಹೆಗಲಿಗೆ ಹಾಕಿಕೊಂಡು, ಒಂದು ಇಳಕಲ್ ಸೀರೆ ಹಿಡಿದು ಸಂಪಗಾಂವಕ್ಕೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಸೀರೆ ಹೊದಿಸಿ ಕಾಲಿಗೆರಗಿದೆ.

“ನನಗ್ಯಾಕೋ ಆಯೇರಿ?” ಅತ್ತೆ ಬೊಚ್ಚು ಬಾಯಿ ತುಂಬ ನಕ್ಕಳು. “ನಾ ಯಾವ ನಾಟಕಾ ಮಾಡೇನಿ?”